ನಿದ್ದೆಯಲ್ಲಿ ಮುಚ್ಚಿಕೊಳ್ಳುವ ಗಂಟಲು: ಸ್ಕ್ಯಾನ್ ಚಿತ್ರಗಳು ತೋರಿಸಿಕೊಟ್ಟದ್ದು

(ಶಿರಸಿಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಹಿರಿಯರೇ, ವೈದ್ಯ ಮಿತ್ರರೇ, ತಾಯಂದಿರೇ,

ನಾನು ಇಂದು ಮಾತನಾಡುವುದು ನಮ್ಮೆಲ್ಲರ ಗಂಟಲಿನ ಒಂದು ತುಂಡಿನ ಬಗ್ಗೆ. ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಈ ಭಾಗ ವಯಸ್ಕರಲ್ಲಿ ಸುಮಾರು 12ರಿಂದ 13 ಸೆಂಟಿಮೀಟರ್ ಉದ್ದವಿರುತ್ತದೆ. ಅದರ ಮೇಲಿರುವ ಮೂಗಿಗೆ ಎಲುಬು ಮತ್ತು ಮೃದ್ವಸ್ಥಿಯ ಚೌಕಟ್ಟಿದೆ. ಕೆಳಗಿರುವ ಶ್ವಾಸನಾಳವನ್ನು ಮೃದ್ವಸ್ಥಿಯ 16ರಿಂದ 20 ಉಂಗುರಗಳು ಸದಾ ತೆರೆದಿಡುತ್ತವೆ. ನಡುವಿನ ಈ ತುಂಡಿಗೆ ಮಾತ್ರ ಅಂಥ ಆಧಾರವಿಲ್ಲ. ಅದರ ಮುಂದಿನ ಗೋಡೆ ಮೆತ್ತನೆಯ ಅಂಗುಳ ಮತ್ತು ನಾಲಿಗೆ. ಪಕ್ಕದ ಗೋಡೆಗಳು ಸ್ನಾಯು, ಕೊಬ್ಬು ಮತ್ತು ಟಾನ್ಸಿಲ್. ನಾಲಿಗೆಯ ಬುಡಕ್ಕೆ ಆಸರೆಯಾದ ಹಯಾಯ್ಡ್ ಎಂಬ ಪುಟ್ಟ ಎಲುಬು ಕೂಡ ದೇಹದ ಬೇರಾವ ಎಲುಬಿಗೂ ಕೂಡಿಕೊಳ್ಳದೆ ಸ್ನಾಯುಗಳ ನಡುವೆ ತೂಗಿಕೊಂಡಿದೆ. ಹೀಗಿರುವುದಕ್ಕೆ ಕಾರಣವಿದೆ. ಇದೇ ದಾರಿಯಲ್ಲಿ ನಾವು ಉಸಿರಾಡುತ್ತೇವೆ, ಅನ್ನ ನುಂಗುತ್ತೇವೆ, ಮಾತನಾಡುತ್ತೇವೆ. ನುಂಗುವಾಗ ಇದು ಹಿಂಡಿಕೊಳ್ಳಬೇಕು, ಉಸಿರಾಡುವಾಗ ತೆರೆದಿರಬೇಕು. ಗಟ್ಟಿಯಾದ ಕೊಳವೆಯಿಂದ ಈ ಎರಡೂ ಕೆಲಸ ಆಗುವುದಿಲ್ಲ.

ಎಚ್ಚರವಿರುವಾಗ ಈ ಮೆತ್ತನೆಯ ದಾರಿಯನ್ನು ತೆರೆದಿಡುವ ಹೊಣೆ ಸ್ನಾಯುಗಳದ್ದು. ಅವುಗಳಲ್ಲಿ ಮುಖ್ಯವಾದದ್ದು ಜೀನಿಯೋಗ್ಲಾಸಸ್. ಕೆಳದವಡೆಯ ಒಳಬದಿಯಿಂದ ಹೊರಟು ನಾಲಿಗೆಯೊಳಗೆ ಬೀಸಣಿಗೆಯಂತೆ ಹರಡಿಕೊಂಡಿರುವ ಈ ಸ್ನಾಯು, ಪ್ರತಿ ಸಲ ಉಸಿರೆಳೆದುಕೊಳ್ಳುವಾಗಲೂ ನಾಲಿಗೆಯನ್ನು ಮುಂದಕ್ಕೆ ಬಿಗಿದು ಹಿಡಿಯುತ್ತದೆ. ಗಂಟಲು ಹುಟ್ಟಿನಿಂದಲೇ ಕಿರಿದಾಗಿರುವವರಲ್ಲಿ ಇದು ಹಗಲಿನಲ್ಲಿ ಉಳಿದವರಿಗಿಂತ ಹೆಚ್ಚು ದುಡಿಯುತ್ತದೆ ಎಂಬುದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಆದ್ದರಿಂದಲೇ ಅಂಥವರಿಗೆ ಹಗಲಿನಲ್ಲಿ ಉಸಿರಾಡಲು ಯಾವ ತೊಂದರೆಯೂ ಕಾಣುವುದಿಲ್ಲ. ನಿದ್ದೆ ಹತ್ತಿದೊಡನೆ ಆ ಹೆಚ್ಚಿನ ಬಿಗಿ ಸಡಿಲವಾಗುತ್ತದೆ, ದಾರಿ ಕಿರಿದಾಗುತ್ತದೆ, ಗಾಳಿಯ ಸೆಳೆತಕ್ಕೆ ಅಂಗುಳ ಕಂಪಿಸಿ ಗೊರಕೆ ಬರುತ್ತದೆ. ಇನ್ನೂ ಸಡಿಲವಾದರೆ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಎದೆ ಮತ್ತು ಹೊಟ್ಟೆ ಉಸಿರಿಗಾಗಿ ಹೋರಾಡುತ್ತಿರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದು, ಮಿದುಳು ಅರೆ ಎಚ್ಚರಗೊಂಡು, ಸ್ನಾಯುಗಳು ಮತ್ತೆ ಬಿಗಿದು, ದೊಡ್ಡ ಸದ್ದಿನೊಂದಿಗೆ ಉಸಿರು ಹೊರಡುತ್ತದೆ. ಇದೇ ಸ್ಲೀಪ್ ಆಪ್ನಿಯಾ, ಅದರಲ್ಲೂ ದಾರಿ ಕಟ್ಟಿಕೊಳ್ಳುವುದರಿಂದ ಆಗುವ ಬಗೆ.

ವಯಸ್ಕರಲ್ಲಿ ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ. ಪೂರ್ತಿ ನಿಂತದ್ದನ್ನೂ ಅರ್ಧಂಬರ್ಧ ನಿಂತದ್ದನ್ನೂ ಸೇರಿಸಿ ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. 2019ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ 30ರಿಂದ 69 ವರ್ಷದೊಳಗಿನ ಸುಮಾರು 93 ಕೋಟಿ 60 ಲಕ್ಷ ಜನರಲ್ಲಿ ಈ ಎಣಿಕೆ ಗಂಟೆಗೆ 5 ಅಥವಾ ಅದಕ್ಕಿಂತ ಹೆಚ್ಚಿದೆ. ರಕ್ತದೊತ್ತಡ, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು ಇವುಗಳೊಂದಿಗೆ ಇದಕ್ಕಿರುವ ನಂಟು ವೈದ್ಯರಿಗೆಲ್ಲ ಗೊತ್ತು. ನಮ್ಮ ಜಿಲ್ಲೆಯ ಮಟ್ಟಿಗೆ ನಾನು ಹೆಚ್ಚು ಕಾಳಜಿಯಿಂದ ಹೇಳಬೇಕಾದದ್ದು ಹಗಲಿನ ತೂಕಡಿಕೆಯನ್ನು. ಅರಬೈಲ್ ಘಟ್ಟದಲ್ಲೋ ದೇವಿಮನೆ ಘಟ್ಟದಲ್ಲೋ ರಾತ್ರಿ ಲಾರಿ ಇಳಿಸುವ ಚಾಲಕನೊಬ್ಬನಿಗೆ ಈ ಕಾಯಿಲೆ ಇದ್ದು, ಅದು ಅವನಿಗೂ ಗೊತ್ತಿಲ್ಲದೆ, ಮಾಲೀಕನಿಗೂ ಗೊತ್ತಿಲ್ಲದೆ ಇದ್ದರೆ, ತಿರುವಿನಲ್ಲಿ ಎದುರು ಬರುವ ಬಸ್ಸಿನವರೆಲ್ಲರೂ ಆ ಕಾಯಿಲೆಯ ಪಾಲುದಾರರೇ.

ಈ ಗಂಟಲು ಏಕೆ ಮುಚ್ಚಿಕೊಳ್ಳುತ್ತದೆ ಎಂಬುದು ಶಿರಸಿ, ಸಿದ್ದಾಪುರದ ಅಡಿಕೆ ತೋಟದವರಿಗೆ ಬೇಗ ಅರ್ಥವಾಗುತ್ತದೆ. ಹಳ್ಳದಿಂದ ನೀರೆತ್ತುವ ಪಂಪಿಗೆ ಎರಡು ಕಡೆ ಪೈಪು ಇರುತ್ತದೆ. ನೀರು ಹೊರಗೆ ಹೋಗುವ ಕಡೆಗೆ ಚಪ್ಪಟೆಯಾಗಿ ಸುತ್ತಿಡಬಹುದಾದ ಮೆತ್ತನೆಯ ಪೈಪು ಸಾಕು, ಏಕೆಂದರೆ ನೀರಿನ ಒತ್ತಡವೇ ಅದನ್ನು ಉಬ್ಬಿಸಿ ಹಿಡಿಯುತ್ತದೆ. ನೀರೆಳೆಯುವ ಕಡೆಗೆ ಅದೇ ಮೆತ್ತನೆಯ ಪೈಪು ಹಾಕಿದರೆ ಪಂಪು ಚಾಲೂ ಆದೊಡನೆ ಅದು ಚಪ್ಪಟೆಯಾಗಿ ಅಂಟಿಕೊಂಡು ನೀರೇ ಬರುವುದಿಲ್ಲ. ಅದಕ್ಕಾಗಿ ಅಲ್ಲಿ ಸುರುಳಿ ಬಿಗಿಯಿರುವ ಗಟ್ಟಿ ಸಕ್ಷನ್ ಪೈಪನ್ನೇ ಹಾಕುತ್ತೇವೆ. ಉಸಿರೆಳೆಯುವಾಗ ನಮ್ಮ ಗಂಟಲು ಪಂಪಿನ ಸೆಳೆಯುವ ಕಡೆಗಿದೆ, ಆದರೆ ಅದು ಮೆತ್ತನೆಯ ಪೈಪು. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು ಮೂಗಿನ ಮೂಲಕ ಸತತವಾಗಿ ಗಾಳಿ ಒತ್ತುವ ಸಿಪ್ಯಾಪ್ ಉಪಕರಣವನ್ನು ಐವರು ರೋಗಿಗಳ ಮೇಲೆ ಪ್ರಯೋಗಿಸಿ ಪ್ರಕಟಿಸಿದಾಗ ಅವರು ಮಾಡಿದ್ದು ಇಷ್ಟೇ: ಸೆಳೆಯುವ ಕಡೆಯಿದ್ದ ಪೈಪಿಗೆ ಒಳಗಿನಿಂದ ಒತ್ತಡ ಕೊಟ್ಟು ಉಬ್ಬಿಸಿ ಹಿಡಿದರು. ಇಂದಿಗೂ ಮಧ್ಯಮ ಮತ್ತು ತೀವ್ರ ಕಾಯಿಲೆಗೆ ಅದೇ ಮೊದಲ ಚಿಕಿತ್ಸೆ.

ಯಾವ ಒತ್ತಡಕ್ಕೆ ಗಂಟಲು ಮುಚ್ಚಿಕೊಳ್ಳುತ್ತದೆ ಎಂಬುದನ್ನು ಅಂಕಿಯಲ್ಲೇ ಹೇಳಬಹುದು. ಮೂಗಿನ ಮುಖವಾಡದ ಮೂಲಕ ಒತ್ತಡವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಹೋದಾಗ ಗಾಳಿಯ ಹರಿವು ನಿಂತುಹೋಗುವ ಬಿಂದುವನ್ನು 1980ರ ದಶಕದಲ್ಲಿ ಅಮೆರಿಕದ ಸಂಶೋಧಕರು ಅಳೆದರು. ಆರೋಗ್ಯವಂತರ ಗಂಟಲನ್ನು ನಿದ್ದೆಯಲ್ಲಿ ಮುಚ್ಚಿಸಬೇಕಾದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ 10 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡದಷ್ಟು ಅಥವಾ ಇನ್ನೂ ಕೆಳಗೆ ಇಳಿಯಬೇಕಾಯಿತು. ಆಪ್ನಿಯಾ ಇದ್ದವರ ಗಂಟಲು ಹೊರಗಿನ ಒತ್ತಡದಲ್ಲೇ, ಎಂದರೆ ಯಾರೂ ಸೆಳೆಯದಿದ್ದರೂ, ತಾನಾಗಿ ಮುಚ್ಚಿಕೊಂಡಿತು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಕಾಯಿಲೆಯನ್ನು ಪತ್ತೆ ಹಚ್ಚುವುದು ನಿದ್ದೆಯ ಪರೀಕ್ಷೆಯಿಂದ. ರಾತ್ರಿಯಿಡೀ ಮಿದುಳಿನ ಅಲೆ, ಕಣ್ಣಿನ ಚಲನೆ, ಮೂಗಿನ ಗಾಳಿ, ಎದೆ ಹೊಟ್ಟೆಗಳ ಏರಿಳಿತ, ಬೆರಳ ತುದಿಯ ಆಮ್ಲಜನಕ ಇವನ್ನೆಲ್ಲ ದಾಖಲಿಸುವ ಪಾಲಿಸೋಮ್ನೋಗ್ರಫಿ ಅಥವಾ ಮನೆಯಲ್ಲೇ ಮಾಡಬಹುದಾದ ಅದರ ಚಿಕ್ಕ ರೂಪ ಇಲ್ಲದೆ ರೋಗ ನಿರ್ಣಯವಿಲ್ಲ. ಆದರೆ ಆ ಪರೀಕ್ಷೆ ಕೊಡುವುದು ಲೆಕ್ಕವನ್ನು. ಎಷ್ಟು ಸಲ ನಿಂತಿತು, ಎಷ್ಟು ಹೊತ್ತು ನಿಂತಿತು, ಆಮ್ಲಜನಕ ಎಷ್ಟಕ್ಕೆ ಇಳಿಯಿತು ಎಂದು ಅದು ಹೇಳುತ್ತದೆ. ಎಲ್ಲಿ ಮುಚ್ಚಿತು, ಯಾವ ಗೋಡೆ ಬಿತ್ತು, ಮುಂದಿನಿಂದ ಹಿಂದಕ್ಕೋ ಪಕ್ಕದಿಂದ ಒಳಕ್ಕೋ ಸುತ್ತಲಿಂದ ಒಟ್ಟಿಗೋ ಎಂಬುದನ್ನು ಅದು ಹೇಳುವುದಿಲ್ಲ. ಗಂಟೆಗೆ 40 ಸಲ ಉಸಿರು ನಿಲ್ಲುವ ಇಬ್ಬರಲ್ಲಿ ಒಬ್ಬನಿಗೆ ಅಂಗುಳ ಹಿಂದಕ್ಕೆ ಅಂಟುತ್ತಿರಬಹುದು, ಇನ್ನೊಬ್ಬನಿಗೆ ನಾಲಿಗೆಯ ಬುಡ ಕುಸಿಯುತ್ತಿರಬಹುದು. ಸಿಪ್ಯಾಪ್ ಹಾಕಿಕೊಳ್ಳುವವರಿಗೆ ಈ ವ್ಯತ್ಯಾಸದಿಂದ ಹೆಚ್ಚೇನೂ ಬಾಧಕವಿಲ್ಲ, ಏಕೆಂದರೆ ಗಾಳಿಯ ಒತ್ತಡ ಇಡೀ ದಾರಿಯನ್ನೇ ಉಬ್ಬಿಸುತ್ತದೆ. ಮುಖವಾಡ ಒಗ್ಗದೆ ಶಸ್ತ್ರಚಿಕಿತ್ಸೆಗೋ ಬೇರೆ ಸಾಧನಕ್ಕೋ ಹೋಗುವವರಿಗೆ ಎಲ್ಲವೂ ನಿಂತಿರುವುದು ಇದೇ ವ್ಯತ್ಯಾಸದ ಮೇಲೆ.

ಇದನ್ನು ವೈದ್ಯಲೋಕ ಕಲಿತದ್ದು ಕಷ್ಟಪಟ್ಟು. 1981ರಲ್ಲೇ ಫುಜಿತಾ ಮತ್ತು ಸಂಗಡಿಗರು ಮೆತ್ತನೆಯ ಅಂಗುಳದ ಅಂಚು, ಕಿರುನಾಲಿಗೆ, ಟಾನ್ಸಿಲ್ ಇವನ್ನು ಕತ್ತರಿಸಿ ಹೊಲಿಯುವ ಶಸ್ತ್ರಚಿಕಿತ್ಸೆಯನ್ನು ಈ ಕಾಯಿಲೆಗೆ ಬಳಸಿದ್ದನ್ನು ವರದಿ ಮಾಡಿದರು. ಮುಂದಿನ ವರ್ಷಗಳಲ್ಲಿ ಅದು ಜಗತ್ತಿನಾದ್ಯಂತ ನಡೆಯಿತು. 1996ರ ಹೊತ್ತಿಗೆ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ ಅರ್ಧಕ್ಕಿಂತ ಕಡಿಮೆ ಮಂದಿಗೆ ಮಾತ್ರ ಪ್ರಯೋಜನವಾಗಿತ್ತು. ಕತ್ತರಿಸಿದ ಜಾಗದಲ್ಲಿ ತೊಂದರೆ ಇದ್ದವರು ಸುಧಾರಿಸಿದರು. ತೊಂದರೆ ಬೇರೆಡೆ ಇದ್ದವರು ನೋವುಂಡು, ಕೆಲವರು ನೀರು ಮೂಗಿಗೆ ಬರುವ ಕಷ್ಟವನ್ನೂ ಅನುಭವಿಸಿ, ಗೊರಕೆಯೊಂದಿಗೆ ಮನೆಗೆ ಹೋದರು. ನೋಡದೆ ಕತ್ತರಿಸುವುದಕ್ಕೂ ನೋಡಿ ಕತ್ತರಿಸುವುದಕ್ಕೂ ಇರುವ ಅಂತರ ಇದು.

ನೋಡುವುದು ಹೇಗೆ? ಸರಳವಾದದ್ದು ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇ, ಹಲ್ಲು ನೇರಮಾಡುವ ದಂತವೈದ್ಯರು ದಿನವೂ ತೆಗೆಸುವಂಥದ್ದು. ಕೆಳದವಡೆ ಹಿಂದಕ್ಕಿದೆಯೇ, ಅಂಗುಳ ಉದ್ದವಾಗಿದೆಯೇ, ಹಯಾಯ್ಡ್ ಎಲುಬು ಕೆಳಗಿಳಿದಿದೆಯೇ ಎಂಬುದು ಇದರಲ್ಲಿ ಗೊತ್ತಾಗುತ್ತದೆ. ತೆಳ್ಳಗಿದ್ದೂ ತೀವ್ರ ಆಪ್ನಿಯಾ ಇರುವವರಲ್ಲಿ ಅನೇಕರ ಗುಟ್ಟು ದವಡೆಯಲ್ಲಿರುತ್ತದೆ. ಏಷ್ಯಾದ ಜನರಲ್ಲಿ ಕಡಿಮೆ ತೂಕಕ್ಕೇ ಈ ಕಾಯಿಲೆ ಬರುವುದಕ್ಕೆ ಮುಖದ ಎಲುಬಿನ ರಚನೆಯೂ ಒಂದು ಕಾರಣ. ಆದರೆ ಎಕ್ಸ್‌ರೇ ಎಂಬುದು ಗಾತ್ರವಿಲ್ಲದ ನೆರಳು. ಪಕ್ಕದ ಗೋಡೆಗಳು ಅದರಲ್ಲಿ ಒಂದರ ಮೇಲೊಂದು ಬಿದ್ದು ಕಾಣದೇ ಹೋಗುತ್ತವೆ. ಸಿ.ಟಿ. ಸ್ಕ್ಯಾನ್ ಆ ಕೊರತೆಯನ್ನು ನೀಗಿಸಿತು. 1980ರ ದಶಕದ ಆರಂಭದಲ್ಲಿ ಆಪ್ನಿಯಾ ರೋಗಿಗಳ ಗಂಟಲನ್ನು ಸಿ.ಟಿ.ಯಲ್ಲಿ ಅಡ್ಡಕ್ಕೆ ಸೀಳಿದಂತೆ ನೋಡಿದಾಗ, ಎಚ್ಚರವಿರುವಾಗಲೇ ಅವರ ದಾರಿ ಉಳಿದವರಿಗಿಂತ ಕಿರಿದಾಗಿದೆ ಎಂಬುದು ಕಂಡುಬಂತು. ಸಿ.ಟಿ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಎಲುಬು ಮತ್ತು ಗಾಳಿಯ ಅಂಚುಗಳನ್ನು ಚೂಪಾಗಿ ತೋರಿಸುತ್ತದೆ. ವಿಕಿರಣವಿರುವುದರಿಂದ ಅದನ್ನು ನಿದ್ದೆಯುದ್ದಕ್ಕೂ ಮತ್ತೆ ಮತ್ತೆ ತೆಗೆಯುವಂತಿಲ್ಲ.

ಹೆಚ್ಚು ಕಲಿಸಿದ್ದು ಎಂ.ಆರ್.ಐ. ಕಾಂತಕ್ಷೇತ್ರ ಮತ್ತು ರೇಡಿಯೋ ತರಂಗಗಳಿಂದ ಚಿತ್ರ ತೆಗೆಯುವ ಇದರಲ್ಲಿ ವಿಕಿರಣದ ಭಯವಿಲ್ಲ, ಕೊಬ್ಬು ಮತ್ತು ಸ್ನಾಯು ಬೇರೆ ಬೇರೆಯಾಗಿ ಕಾಣುತ್ತವೆ. ಒಂದು ಚಿತ್ರವನ್ನು ನಿಮ್ಮ ಮುಂದಿಡುತ್ತೇನೆ. ಮುಖವನ್ನು ಮೂಗಿನ ತುದಿಯಿಂದ ನಡು ನೆತ್ತಿಯವರೆಗೆ ಸರಿಯಾಗಿ ಎರಡು ಹೋಳು ಮಾಡಿ ಒಂದು ಹೋಳನ್ನು ಪಕ್ಕದಿಂದ ನೋಡುತ್ತಿದ್ದೇವೆ ಎಂದುಕೊಳ್ಳಿ. ಗಾಳಿ ಇರುವಲ್ಲೆಲ್ಲ ಕಪ್ಪು. ಮೂಗಿನಿಂದ ಹಿಂದಕ್ಕೆ ಬಂದ ಕಪ್ಪು ಪಟ್ಟಿ ಅಂಗುಳದ ಹಿಂದೆ ಬಾಗಿ ಕೆಳಗಿಳಿಯುತ್ತದೆ. ಅಂಗುಳದ ಗಟ್ಟಿ ಭಾಗ ಮುಗಿದಲ್ಲಿ ಬೂದು ಬಣ್ಣದ ಮೆತ್ತನೆಯ ಅಂಗುಳ ಇಳಿಬಿದ್ದಿದೆ, ಅದರ ತುದಿಯಲ್ಲಿ ಕಿರುನಾಲಿಗೆ. ಬಾಯಿಯ ಜಾಗವನ್ನೆಲ್ಲ ತುಂಬಿಕೊಂಡಿರುವ ದೊಡ್ಡ ಗುಮ್ಮಟ ನಾಲಿಗೆ. ಅದರ ಬುಡದ ಕೆಳಗೆ ಶ್ವಾಸನಾಳದ ಮುಚ್ಚಳವಾದ, ಎಲೆಯಾಕಾರದ ಎಪಿಗ್ಲಾಟಿಸ್ ಎದ್ದು ನಿಂತಿದೆ. ಆಪ್ನಿಯಾ ಇದ್ದವರ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಂಗುಳದ ಹಿಂದಿನ ಕಪ್ಪು ಪಟ್ಟಿ ದಾರದಷ್ಟು ತೆಳ್ಳಗಾಗಿರುವುದು. ಹೆಚ್ಚಿನವರಲ್ಲಿ ಗಂಟಲು ಅತಿ ಕಿರಿದಾಗಿರುವುದು ಅಲ್ಲೇ.

ಈಗ ಅದೇ ಜಾಗವನ್ನು ಅಡ್ಡಕ್ಕೆ ಸೀಳಿ ಮೇಲಿನಿಂದ ನೋಡೋಣ. ಆರೋಗ್ಯವಂತರಲ್ಲಿ ಗಾಳಿಯ ಕಪ್ಪು ಕಿಂಡಿ ಅಡ್ಡಲಾಗಿ ಹಿಗ್ಗಿದ ಮೊಟ್ಟೆಯಾಕಾರದಲ್ಲಿರುತ್ತದೆ, ಎಡಬಲಕ್ಕೆ ಅಗಲ ಹೆಚ್ಚು. ಆಪ್ನಿಯಾ ಇರುವ ಅನೇಕರಲ್ಲಿ ಎರಡು ಪಕ್ಕದ ಗೋಡೆಗಳು ಒಳಕ್ಕೆ ಒತ್ತಿ ಬಂದು, ಕಿಂಡಿ ಹಿಂದುಮುಂದಿಗೆ ಉದ್ದವಾಗಿ ಎಡಬಲಕ್ಕೆ ಇಕ್ಕಟ್ಟಾಗಿರುತ್ತದೆ. ನಾಲಿಗೆ ಹಿಂದಕ್ಕೆ ಬೀಳುವುದೇ ಕಾರಣವೆಂದು ಬಹುಕಾಲ ನಂಬಿದ್ದವರಿಗೆ ಇದು ದೊಡ್ಡ ತಿಳಿವಳಿಕೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಶ್ವಾಬ್ ಅವರ ತಂಡ 2003ರಲ್ಲಿ ಗಂಟಲಿನ ಸುತ್ತಲಿನ ಒಂದೊಂದು ಅಂಗದ ಗಾತ್ರವನ್ನೂ ಎಂ.ಆರ್.ಐ.ಯಲ್ಲಿ ಅಳೆದು, ನಾಲಿಗೆಯ ಗಾತ್ರ ಮತ್ತು ಪಕ್ಕದ ಗೋಡೆಗಳ ಗಾತ್ರ ಇವೆರಡೂ ಹೆಚ್ಚಾದಷ್ಟು ಕಾಯಿಲೆಯ ಸಾಧ್ಯತೆ ಹೆಚ್ಚು ಎಂದು ತೋರಿಸಿತು. ಸಿಪ್ಯಾಪ್ ಹಾಕಿ ಎಂ.ಆರ್.ಐ. ತೆಗೆದಾಗ ಗಂಟಲು ಹಿಗ್ಗಿದ್ದು ಕೂಡ ಮುಖ್ಯವಾಗಿ ಎಡಬಲಕ್ಕೆ. ಇನ್ನೂ ಸೋಜಿಗದ ವಿಷಯವೆಂದರೆ, ರಾತ್ರಿ ಹಲ್ಲಿಗೆ ಹಾಕಿಕೊಂಡು ಕೆಳದವಡೆಯನ್ನು ಮುಂದಕ್ಕೆಳೆಯುವ ಸಾಧನವಿದೆಯಲ್ಲ, ಅದು ಕೂಡ ಅಂಗುಳದ ಹಿಂದಿನ ದಾರಿಯನ್ನು ಎಡಬಲಕ್ಕೇ ಹೆಚ್ಚು ಅಗಲಿಸುತ್ತದೆ. ದವಡೆಯನ್ನು ಮುಂದಕ್ಕೆ ಎಳೆದರೆ, ಅಂಗುಳದಿಂದ ನಾಲಿಗೆಗೂ ಗಂಟಲ ಗೋಡೆಗೂ ಹೋಗುವ ಸ್ನಾಯುಗಳು ಬಿಗಿದು ಪಕ್ಕದ ಗೋಡೆಗಳನ್ನು ಸೆಳೆದು ಹಿಡಿಯುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಹೊರಗಿನಿಂದ ಊಹಿಸಿದರೆ ಹೊಳೆಯದ ಸಂಗತಿ ಇದು, ಚಿತ್ರ ತೆಗೆದುದರಿಂದ ಮಾತ್ರ ತಿಳಿದದ್ದು.

ನಾಲಿಗೆಯ ಕೊಬ್ಬಿನ ವಿಷಯವೂ ಹಾಗೆಯೇ. ಅದೇ ತಂಡ 2014ರಲ್ಲಿ ಕೊಬ್ಬನ್ನು ನೀರಿನಿಂದ ಬೇರ್ಪಡಿಸಿ ತೋರಿಸುವ ಎಂ.ಆರ್.ಐ. ವಿಧಾನ ಬಳಸಿ, ಆಪ್ನಿಯಾ ಇರುವ ಸ್ಥೂಲಕಾಯರ ನಾಲಿಗೆಯಲ್ಲಿ, ವಿಶೇಷವಾಗಿ ಅದರ ಬುಡದಲ್ಲಿ, ಕೊಬ್ಬು ಹೆಚ್ಚಿರುವುದನ್ನು ಕಂಡಿತು. 2020ರಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟು, ಶರೀರದ ತೂಕ ಸರಾಸರಿ ಸುಮಾರು 10 ಶೇಕಡಾ ಇಳಿಸಿಕೊಂಡವರಲ್ಲಿ ಉಸಿರು ನಿಲ್ಲುವ ಎಣಿಕೆ ಸುಮಾರು 31 ಶೇಕಡಾ ಕಡಿಮೆಯಾದದ್ದನ್ನೂ, ಆ ಸುಧಾರಣೆಗೆ ಗಂಟಲಿನ ಬದಲಾವಣೆಗಳಲ್ಲೆಲ್ಲ ಹೆಚ್ಚು ಹೊಂದಿಕೆಯಾದದ್ದು ನಾಲಿಗೆಯ ಕೊಬ್ಬು ಕರಗಿದ್ದು ಎಂಬುದನ್ನೂ ವರದಿ ಮಾಡಿತು. ತೂಕ ಇಳಿಸಿ ಎಂದು ನಾವು ವೈದ್ಯರು ಸುಮ್ಮನೆ ಹೇಳಿಬಿಡುತ್ತೇವೆ. ಇಳಿಸಿದರೆ ಒಳಗೆ ಯಾವ ಜಾಗದಲ್ಲಿ ಏನಾಗುತ್ತದೆ ಎಂದು ತೋರಿಸಿ ಹೇಳಿದರೆ ಕೇಳುವವರಿಗೆ ಮನಸ್ಸು ಬರುತ್ತದೆ ಎಂದು ನಾನು ನಂಬಿದ್ದೇನೆ.

ಇಷ್ಟರವರೆಗೆ ಹೇಳಿದ ಚಿತ್ರಗಳಿಗೆಲ್ಲ ಒಂದೇ ದೊಡ್ಡ ಮಿತಿಯಿದೆ. ಅವೆಲ್ಲ ಹೆಚ್ಚಾಗಿ ಎಚ್ಚರವಿದ್ದವರ ಚಿತ್ರಗಳು, ಕಾಯಿಲೆ ಇರುವುದು ನಿದ್ದೆಯಲ್ಲಿ. ಎಚ್ಚರದಲ್ಲಿ ಸ್ನಾಯುಗಳು ಬಿಗಿದಿದ್ದು ದೋಷವನ್ನು ಮುಚ್ಚಿಡುತ್ತವೆ. ಮೇಲಾಗಿ ಸಾಮಾನ್ಯ ಎಂ.ಆರ್.ಐ. ಚಿತ್ರ ಮೂಡಲು ನಿಮಿಷಗಳು ಬೇಕು. ಅಷ್ಟರಲ್ಲಿ ರೋಗಿ ಹಲವಾರು ಸಲ ಉಸಿರಾಡಿ ಮುಗಿಸಿರುತ್ತಾನೆ, ಬರುವ ಚಿತ್ರ ಅವೆಲ್ಲದರ ಸರಾಸರಿ. ಕುಸಿತವನ್ನು ನೋಡಬೇಕಾದರೆ ಚಲನಚಿತ್ರದಂತೆ ವೇಗವಾಗಿ, ನಿದ್ದೆಯಲ್ಲಿರುವಾಗಲೇ ತೆಗೆಯಬೇಕು. ಹೇಳಲು ಸುಲಭ. ಎಂ.ಆರ್.ಐ. ಯಂತ್ರದ ಸದ್ದು 100 ಡೆಸಿಬೆಲ್ ದಾಟುತ್ತದೆ, ಕೊಳವೆ ಇಕ್ಕಟ್ಟು, ಕುತ್ತಿಗೆಯ ಸುತ್ತ ಸಂಕೇತ ಹಿಡಿಯುವ ತಂತಿಸುರುಳಿ (ಕಾಯಿಲ್), ಅಂಗಾತವಾಗಿಯೇ ಮಲಗಬೇಕು. ನಿದ್ದೆಯನ್ನು ಖಚಿತಪಡಿಸಿಕೊಳ್ಳಲು ಮಿದುಳಿನ ಅಲೆ ದಾಖಲಿಸೋಣವೆಂದರೆ ಯಂತ್ರದ ಕಾಂತಕ್ಷೇತ್ರವೇ ಆ ಸಂಕೇತವನ್ನು ಕೆಡಿಸುತ್ತದೆ.

ಅದನ್ನೂ ಸಾಧಿಸಿದವರಿದ್ದಾರೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೃಷ್ಣ ನಾಯಕ್, ಮೈಕೆಲ್ ಖೂ ಮತ್ತು ಸಂಗಡಿಗರು 2014ರಲ್ಲಿ, ಸಹಜ ನಿದ್ದೆಯಲ್ಲಿರುವ ರೋಗಿಯ ಇಡೀ ಗಂಟಲನ್ನು ಮೂರು ಆಯಾಮಗಳಲ್ಲಿ, ಘಟನೆ ನಡೆಯುತ್ತಿರುವಾಗಲೇ ಚಿತ್ರಿಸಿದ ಕೆಲಸವನ್ನು ಪ್ರಕಟಿಸಿದರು. ಇದರ ಹಿಂದಿನ ತಂತ್ರ ಸೊಗಸಾದದ್ದು. ಪೂರ್ತಿ ಚಿತ್ರಕ್ಕೆ ಬೇಕಾದ ಎಲ್ಲ ಮಾಹಿತಿಯನ್ನೂ ಸಂಗ್ರಹಿಸುತ್ತ ಕೂತರೆ ಸಮಯ ಸಾಲದು. ಆದ್ದರಿಂದ ಸ್ವಲ್ಪವೇ ಮಾಹಿತಿಯನ್ನು ಜಾಣತನದಿಂದ ಆರಿಸಿ ಸಂಗ್ರಹಿಸಿ, ಉಳಿದದ್ದನ್ನು ಗಣಿತದಿಂದ ಮರಳಿ ಕಟ್ಟಿಕೊಳ್ಳುತ್ತಾರೆ. ಚಿತ್ರದೊಂದಿಗೆ ಅದೇ ಹೊತ್ತಿನಲ್ಲಿ ಮುಖವಾಡದ ಒತ್ತಡ, ಹೊಟ್ಟೆಯ ಏರಿಳಿತ, ಆಮ್ಲಜನಕ, ಹೃದಯದ ಬಡಿತ ಇವನ್ನೂ ದಾಖಲಿಸುತ್ತಾರೆ. ಆಗ ಹೊಟ್ಟೆ ಏರುತ್ತಿದೆ, ಮುಖವಾಡದಲ್ಲಿ ಹರಿವಿಲ್ಲ, ಚಿತ್ರದಲ್ಲಿ ಅಂಗುಳದ ಹಿಂದಿನ ಕಪ್ಪು ಕಿಂಡಿ ಮಾಯವಾಗಿದೆ ಎಂಬ ಮೂರೂ ಸಾಕ್ಷಿಗಳು ಒಂದೇ ಕ್ಷಣದಲ್ಲಿ ಸಿಗುತ್ತವೆ. ಮುಂದೆ ಇದೇ ತಂಡ, ಮುಖವಾಡವನ್ನು ಕ್ಷಣಕಾಲ ಮುಚ್ಚಿ ರೋಗಿ ಉಸಿರೆಳೆಯುವಂತೆ ಮಾಡಿ, ಒತ್ತಡ ಇಳಿದಂತೆಲ್ಲ ಕಿಂಡಿಯ ವಿಸ್ತೀರ್ಣ ಎಷ್ಟು ಕುಗ್ಗುತ್ತದೆ ಎಂದು ಅಳೆಯಿತು. ಗೋಡೆ ಎಷ್ಟು ಮೆತ್ತಗಿದೆ ಎಂಬುದನ್ನು, ಕಿಂಡಿ ಎಷ್ಟು ದೊಡ್ಡದಿದೆ ಎಂಬುದರಿಂದ ಬೇರ್ಪಡಿಸಿ ಹೇಳಲು ಇದರಿಂದ ಸಾಧ್ಯವಾಯಿತು. ದಾರಿ ಕಿರಿದಾಗಿದ್ದೂ ಗೋಡೆ ಗಟ್ಟಿಯಿದ್ದರೆ ತೊಂದರೆಯಾಗದಿರಬಹುದು, ದಾರಿ ಸಾಕಷ್ಟಿದ್ದೂ ಗೋಡೆ ಸಡಿಲವಿದ್ದರೆ ಕುಸಿಯಬಹುದು.

ಇಷ್ಟೆಲ್ಲ ಸಂಶೋಧನಾಲಯದ ಮಾತಾಯಿತು. ಆಸ್ಪತ್ರೆಯಲ್ಲಿ ಇಂದು ಶಸ್ತ್ರಚಿಕಿತ್ಸೆಗೆ ಮುಂಚೆ ಹೆಚ್ಚಾಗಿ ಬಳಸುವುದು ಮತ್ತುಬರಿಸಿ ಮಾಡುವ ಎಂಡೋಸ್ಕೋಪಿಯನ್ನು. 1991ರಲ್ಲಿ ಇಂಗ್ಲೆಂಡಿನ ಕ್ರಾಫ್ಟ್ ಮತ್ತು ಪ್ರಿಂಗಲ್ ಇದನ್ನು ಮೊದಲು ವರ್ಣಿಸಿದರು. ಆಪರೇಷನ್ ಥಿಯೇಟರಿನಲ್ಲಿ ದೀಪ ಮಂದಮಾಡಿ, ಅರಿವಳಿಕೆ ತಜ್ಞರು ಪ್ರೊಪೊಫಾಲ್‌ನಂಥ ಔಷಧವನ್ನು ಹನಿಹನಿಯಾಗಿ ಕೊಡುತ್ತಾರೆ. ರೋಗಿ ಗೊರಕೆ ಹೊಡೆಯಲಾರಂಭಿಸಿ ಉಸಿರು ತಡೆಯುವ ಹಂತಕ್ಕೆ ಬಂದಾಗ, ಮೂಗಿನ ಮೂಲಕ ತೆಳ್ಳನೆಯ ದುರ್ಬೀನು ಇಳಿಸಿ ನೋಡುತ್ತಾರೆ. ಮೊದಲು ಅಂಗುಳ ಪಟಪಟನೆ ಬಡಿದುಕೊಳ್ಳುವುದು ಪರದೆಯ ಮೇಲೆ ಕಾಣುತ್ತದೆ. ಕೆಲವರಲ್ಲಿ ಅದು ಬಾಗಿಲಿನಂತೆ ಹಿಂದಕ್ಕೆ ಮುಚ್ಚಿಕೊಳ್ಳುತ್ತದೆ, ಕೆಲವರಲ್ಲಿ ನಾಲ್ಕೂ ಕಡೆಯಿಂದ ಚೀಲದ ಬಾಯಿ ಕಟ್ಟಿದಂತೆ ಸುತ್ತಲೂ ಕುಗ್ಗುತ್ತದೆ. ದುರ್ಬೀನನ್ನು ಕೆಳಗಿಳಿಸಿದರೆ ಪಕ್ಕದ ಗೋಡೆ, ನಾಲಿಗೆಯ ಬುಡ, ಎಪಿಗ್ಲಾಟಿಸ್ ಒಂದೊಂದಾಗಿ ಕಾಣುತ್ತವೆ. 2011ರಿಂದ ಅಂಗುಳ, ಪಕ್ಕದ ಗೋಡೆ, ನಾಲಿಗೆಯ ಬುಡ, ಎಪಿಗ್ಲಾಟಿಸ್ ಈ ನಾಲ್ಕು ಜಾಗಗಳಲ್ಲಿ ಯಾವುದು ಎಷ್ಟು, ಯಾವ ದಿಕ್ಕಿನಲ್ಲಿ ಕುಸಿಯಿತು ಎಂದು ಬರೆದಿಡುವ ವೋಟ್ ಎಂಬ ಕ್ರಮ ಬಳಕೆಗೆ ಬಂದಿದೆ.

ಅಂಗುಳ ಸುತ್ತಲೂ ಕುಗ್ಗುವುದನ್ನು ಒತ್ತಿ ಹೇಳಿದೆ, ಅದಕ್ಕೆ ಕಾರಣವಿದೆ. ಎದೆಯ ಚರ್ಮದಡಿ ಪುಟ್ಟ ಉಪಕರಣವಿಟ್ಟು, ನಾಲಿಗೆಯನ್ನು ಆಡಿಸುವ ಹೈಪೋಗ್ಲಾಸಲ್ ನರಕ್ಕೆ ಪ್ರತಿ ಉಸಿರಿನೊಂದಿಗೆ ವಿದ್ಯುತ್ ಪ್ರಚೋದನೆ ಕೊಟ್ಟು ನಾಲಿಗೆಯನ್ನು ಮುಂದಕ್ಕೆ ತರುವ ಚಿಕಿತ್ಸೆಗೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಆಧಾರವಾದ ಅಧ್ಯಯನದಲ್ಲಿ 126 ಮಂದಿ ಇದ್ದರು. ಗಂಟೆಗೆ ಉಸಿರು ನಿಲ್ಲುವ ಎಣಿಕೆಯ ಮಧ್ಯಾಂಕ ಒಂದು ವರ್ಷದಲ್ಲಿ 29.3ರಿಂದ 9ಕ್ಕೆ ಇಳಿಯಿತು. ಆ 126 ಮಂದಿಯನ್ನು ಆರಿಸುವಾಗ, ಎಂಡೋಸ್ಕೋಪಿಯಲ್ಲಿ ಅಂಗುಳ ಸುತ್ತಲೂ ಪೂರ್ತಿ ಕುಗ್ಗುವವರನ್ನು ಮೊದಲೇ ಹೊರಗಿಡಲಾಗಿತ್ತು. ನಾಲಿಗೆ ಮುಂದೆ ಬಂದರೂ ಅವರ ಅಂಗುಳ ತೆರೆಯುವುದಿಲ್ಲ ಎಂಬುದು ಅನುಭವದಿಂದ ಗೊತ್ತಾಗಿತ್ತು. ಅಷ್ಟು ದುಬಾರಿ ಸಾಧನವನ್ನು ಎದೆಯಲ್ಲಿ ಹೂಳುವ ಮುನ್ನ ಹತ್ತು ನಿಮಿಷ ನೋಡಿದ್ದರಿಂದ ಆದ ಉಪಕಾರ ಎಷ್ಟೆಂದು ನೀವೇ ಯೋಚಿಸಿ. ಈ ಎಂಡೋಸ್ಕೋಪಿಗೂ ಮಿತಿಯಿಲ್ಲದಿಲ್ಲ. ಔಷಧದಿಂದ ಬರುವ ಮಂಪರು ಸಹಜ ನಿದ್ದೆಯಲ್ಲ, ಕನಸಿನ ನಿದ್ದೆಯ ಹಂತ ಅದರಲ್ಲಿ ಸರಿಯಾಗಿ ಬರುವುದಿಲ್ಲ. ಔಷಧ ಹೆಚ್ಚಾದರೆ ಆರೋಗ್ಯವಂತರ ಗಂಟಲೂ ಕುಸಿಯುತ್ತದೆ. ದುರ್ಬೀನು ಒಂದು ಸಲಕ್ಕೆ ಒಂದೇ ಎತ್ತರವನ್ನು ನೋಡುತ್ತದೆ. ಅಂಗುಳ ಮುಚ್ಚಿಕೊಂಡಾಗ ಕೆಳಗೆ ನಾಲಿಗೆ ಏನು ಮಾಡುತ್ತಿದೆ ಎಂಬುದು ಕಾಣದು.

ಬೇರೆ ದಾರಿಗಳೂ ಇವೆ. ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು ತೆಳ್ಳನೆಯ ನಳಿಕೆಯ ತುದಿಯಿಂದ ಬೆಳಕು ಹಾಯಿಸಿ ಗಂಟಲ ಒಳಗಿನ ಸುತ್ತಳತೆಯನ್ನು ರಾತ್ರಿಯಿಡೀ ಅಳೆಯುವ ವಿಧಾನವನ್ನು ಈ ಶತಮಾನದ ಮೊದಲ ದಶಕದಲ್ಲಿ ಬೆಳೆಸಿದರು. ಗದ್ದದಡಿ ಅಲ್ಟ್ರಾಸೌಂಡ್ ಇಟ್ಟು ನಾಲಿಗೆಯ ದಪ್ಪ ಅಳೆಯುವ ಪ್ರಯತ್ನಗಳೂ ನಡೆದಿವೆ. ಶಬ್ದತರಂಗ ಗಾಳಿಯನ್ನು ದಾಟಲಾರದ್ದರಿಂದ ಗಾಳಿಯಾಚೆಗಿನ ಗೋಡೆ ಅದಕ್ಕೆ ಕಾಣುವುದಿಲ್ಲ. ಸ್ಕ್ಯಾನಿನಿಂದ ಗಂಟಲಿನ ಆಕಾರ ತೆಗೆದುಕೊಂಡು ಗಾಳಿಯ ವೇಗ ಮತ್ತು ಒತ್ತಡವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರೂ ಇದ್ದಾರೆ. ಕಿರಿದಾದಲ್ಲಿ ಗಾಳಿ ವೇಗವಾಗಿ, ಒತ್ತಡ ಇಳಿದು, ಗೋಡೆ ಇನ್ನಷ್ಟು ಒಳಕ್ಕೆ ಬರುವ ವಿಷಚಕ್ರ ಆ ಲೆಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸ್ಕ್ಯಾನ್ ಚಿತ್ರ ಓದುವುದೇ ನನ್ನ ವೃತ್ತಿಯಾದರೂ, ಚಿತ್ರದಲ್ಲಿ ಎಲ್ಲವೂ ಇದೆಯೆಂದು ನಾನು ಹೇಳಲಾರೆ. ಗಂಟಲಿನ ರಚನೆ ಒಂದೇ ಆಗಿದ್ದರೂ ಕೆಲವರಿಗೆ ಸಣ್ಣ ಅಡಚಣೆಗೇ ಎಚ್ಚರವಾಗಿಬಿಡುತ್ತದೆ, ಕೆಲವರ ಮಿದುಳು ಉಸಿರಿನ ಏರುಪೇರಿಗೆ ಅತಿಯಾಗಿ ಪ್ರತಿಕ್ರಿಯಿಸುತ್ತದೆ, ಕೆಲವರ ನಾಲಿಗೆಯ ಸ್ನಾಯು ನಿದ್ದೆಯಲ್ಲಿ ಎಚ್ಚೆತ್ತುಕೊಳ್ಳುವುದೇ ಇಲ್ಲ. ಇವು ಯಾವ ಸ್ಕ್ಯಾನಿನಲ್ಲೂ ಬಣ್ಣವಾಗಿ ಮೂಡುವುದಿಲ್ಲ. ಆದ್ದರಿಂದ ಗೊರಕೆ ಇದೆಯೆಂದು ಯಾರೂ ನೇರವಾಗಿ ಸ್ಕ್ಯಾನ್ ಸೆಂಟರಿಗೆ ಹೋಗಬಾರದು. ಒಳ್ಳೆಯ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ಎಷ್ಟು ಕಾಲದಿಂದ ಕೇಳುತ್ತಿದ್ದಾರೆ, ತಜ್ಞರನ್ನು ಕಾಣಲು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವೆಗೋ ಹೋಗುವವರ ಖರ್ಚೆಷ್ಟು ಎಂಬುದು ನನಗೆ ಗೊತ್ತಿದೆ. ಆ ಖರ್ಚು ಮೊದಲು ನಿದ್ದೆಯ ಪರೀಕ್ಷೆಗೆ ಹೋಗಲಿ. ಮನೆಯವರು ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ವಿಡಿಯೊ, ಎದೆ ಏರಿಳಿಯುತ್ತಿದ್ದು ಸದ್ದು ನಿಂತಿರುವುದು ಅದರಲ್ಲಿ ಕಂಡರೆ, ವೈದ್ಯರಿಗೆ ಅದೂ ಬೆಲೆಬಾಳುವ ಚಿತ್ರವೇ. ಸಿಪ್ಯಾಪ್ ಒಗ್ಗದೆ ಶಸ್ತ್ರಚಿಕಿತ್ಸೆಯ ಮಾತು ಬಂದಾಗ, ದವಡೆಯ ರಚನೆಯಲ್ಲೇ ದೋಷವಿರುವಾಗ, ಒಮ್ಮೆ ಮಾಡಿದ ಶಸ್ತ್ರಚಿಕಿತ್ಸೆ ಫಲಿಸದಿದ್ದಾಗ, ಆಗ ಚಿತ್ರ ಬೇಕು. ಆಗ ಚಿತ್ರವಿಲ್ಲದೆ ಕತ್ತರಿ ಹಿಡಿಯಲು ಒಪ್ಪಬೇಡಿ.

ಉಪನ್ಯಾಸದ ಬಳಿಕ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

“ಡಾಕ್ಟ್ರೇ, ನಮ್ಮನೆಯವರು ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುತ್ತಾರೆ, ಮಗ್ಗುಲಾದರೆ ಸರಿಹೋಗುತ್ತದೆ. ಅವರಿಗೂ ಸ್ಕ್ಯಾನ್ ಬೇಕೇ?” ಎಂದು ಒಬ್ಬ ತಾಯಿ ಕೇಳಿದರು. ಬೇಡಮ್ಮ, ಮೊದಲು ಮಲಗಿದ ಭಂಗಿಯನ್ನೂ ದಾಖಲಿಸುವ ನಿದ್ದೆಯ ಪರೀಕ್ಷೆ ಮಾಡಿಸಿ. ಅಂಗಾತ ಮಲಗಿದಾಗ ನಾಲಿಗೆ ಮತ್ತು ಎಪಿಗ್ಲಾಟಿಸ್ ತಮ್ಮ ಭಾರಕ್ಕೇ ಹಿಂದಕ್ಕೆ ಬೀಳುತ್ತವೆ, ಮಗ್ಗುಲಾದರೆ ಅದು ತಪ್ಪುತ್ತದೆ. ಮಗ್ಗುಲಲ್ಲಿ ಎಣಿಕೆ ನಿಜವಾಗಿಯೂ ಕಡಿಮೆಯಿದೆಯೆಂದು ಪರೀಕ್ಷೆಯಲ್ಲಿ ಖಚಿತವಾದರೆ, ಮಗ್ಗುಲಾಗಿಯೇ ಮಲಗುವಂತೆ ಮಾಡುವ ಉಪಾಯಗಳೇ ಅವರಿಗೆ ಚಿಕಿತ್ಸೆಯ ಮೊದಲ ಭಾಗ. ರಾತ್ರಿ ಮದ್ಯ ಸೇವಿಸುವ ಅಭ್ಯಾಸವಿದ್ದರೆ ಅದನ್ನು ಬಿಡಿಸಿ, ಅದು ನಾಲಿಗೆಯ ಸ್ನಾಯುವನ್ನು ಇನ್ನಷ್ಟು ಸಡಿಲಗೊಳಿಸುತ್ತದೆ.

ಶಾಲಾ ಶಿಕ್ಷಕರೊಬ್ಬರು ಮಕ್ಕಳ ಬಗ್ಗೆ ಕೇಳಿದರು. ಮಕ್ಕಳಲ್ಲಿ ಮುಖ್ಯ ಕಾರಣ ದಪ್ಪಗಾದ ಅಡೆನಾಯ್ಡ್ ಮತ್ತು ಟಾನ್ಸಿಲ್. ಟಾನ್ಸಿಲ್ ಬಾಯಿ ತೆರೆದರೆ ಕಾಣುತ್ತದೆ. ಮೂಗಿನ ಹಿಂದಿರುವ ಅಡೆನಾಯ್ಡ್ ಪಕ್ಕದಿಂದ ತೆಗೆದ ಕುತ್ತಿಗೆಯ ಒಂದು ಸಾದಾ ಎಕ್ಸ್‌ರೇಯಲ್ಲಿ ಕಾಣುತ್ತದೆ ಅಥವಾ ಕಿವಿ ಮೂಗು ಗಂಟಲು ತಜ್ಞರು ಪುಟ್ಟ ದುರ್ಬೀನಿನಿಂದ ನೋಡುತ್ತಾರೆ. ಮಗು ಬಾಯಿ ತೆರೆದು ಮಲಗುವುದು, ಹಗಲು ತೂಕಡಿಸುವ ಬದಲು ಅತಿಯಾಗಿ ಚಡಪಡಿಸುವುದು, ಪಾಠದಲ್ಲಿ ಹಿಂದೆ ಬೀಳುವುದು ಇವನ್ನು ಗಮನಿಸಿದ ಶಿಕ್ಷಕರು ಪಾಲಕರನ್ನು ಕರೆದು ಒಮ್ಮೆ ಹೇಳಬೇಕು. ಮಕ್ಕಳಿಗೆ ಸಿ.ಟಿ. ತೆಗೆಸುವ ಅವಸರ ಬೇಡ.

ಕೊನೆಯದಾಗಿ ಹಿರಿಯರೊಬ್ಬರು, ಹಲ್ಲು ಕಟ್ಟಿಸಿಕೊಂಡವರು ಎಂ.ಆರ್.ಐ.ಗೆ ಹೋಗಬಹುದೇ ಎಂದು ಕೇಳಿದರು. ತೆಗೆದಿಡುವ ಹಲ್ಲುಸೆಟ್ಟಾದರೆ ತೆಗೆದಿಟ್ಟು ಹೋಗಬೇಕು. ಕೂರಿಸಿದ ಲೋಹದ ಹಲ್ಲು, ತಂತಿ, ಇಂಪ್ಲಾಂಟ್ ಇದ್ದರೂ ಸಾಮಾನ್ಯವಾಗಿ ಸ್ಕ್ಯಾನ್ ಮಾಡಬಹುದು, ಆದರೆ ಲೋಹದ ಸುತ್ತ ಚಿತ್ರ ಕೆಡುತ್ತದೆ, ನಮಗೆ ಬೇಕಾದ ನಾಲಿಗೆ ಮತ್ತು ಅಂಗುಳ ಅಲ್ಲೇ ಇರುವುದರಿಂದ ಎಷ್ಟೋ ಸಲ ಓದಲು ಬರುವುದಿಲ್ಲ. ಸಿ.ಟಿ.ಯಲ್ಲೂ ಲೋಹದಿಂದ ಗೆರೆಗಳು ಬೀಳುತ್ತವೆ. ಅಂಥವರಿಗೆ ಎಂಡೋಸ್ಕೋಪಿಯೇ ವಾಸಿ. ಪೇಸ್‌ಮೇಕರ್ ಇದ್ದವರು ಮಾತ್ರ ಯಂತ್ರದ ಕೋಣೆಗೆ ಕಾಲಿಡುವ ಮೊದಲೇ ಆ ವಿಷಯ ಹೇಳಿ, ಅದರ ಕಾರ್ಡನ್ನು ತೋರಿಸಬೇಕು.